ಬಾಯಿಯ ನೀರು ತೊಳೆಯುವುದಿಲ್ಲವೇ?



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಎಣಿಸಿ ಆಯಿತು, ಕಂತು ಬರೆದು ಆಯಿತು. ಸಾಲದ ಬೇಡಿಕೆಗೆ ಬಂದಾಗ ಒಬ್ಬ ಸದಸ್ಯೆ ಎದ್ದು, ಮಗನ ಹಲ್ಲಿನ ಚಿಕಿತ್ಸೆಗೆ ಹಣ ಬೇಕು ಎಂದರು. ಮಗುವಿಗೆ ನಾಲ್ಕು ವರ್ಷ. ಮೇಲಿನ ಎದುರು ಹಲ್ಲು ನಾಲ್ಕೂ ಕಪ್ಪಾಗಿ ಬುಡದ ತನಕ ಸವೆದಿದ್ದವು. ರಾತ್ರಿಯಿಡೀ ನೋವು, ಅಳು. ಕಚ್ಚಿ ತಿನ್ನಲು ಆಗದೆ ಬರೀ ಗಂಜಿ.

"ಹಾಲುಹಲ್ಲು ಅಲ್ವಾ? ಬಿದ್ದು ಹೋಗ್ತದೆ ಬಿಡಿ. ಅದಕ್ಕೆ ಯಾಕೆ ಸಾಲ?" ಎಂದರು ಹಿರಿಯ ಸದಸ್ಯೆಯೊಬ್ಬರು. ಆ ತಾಯಿಯ ಕಣ್ಣಲ್ಲಿ ನೀರು ಬಂತು. "ದಿನಾ ಬೆಳಿಗ್ಗೆ ಉಜ್ಜಿಸ್ತೇನೆ ಅಕ್ಕಾ. ಸಣ್ಣವ ಇದ್ದಾಗ ರಾತ್ರಿ ಬೀಡಿ ಕಟ್ಟುವ ಹೊತ್ತಿಗೆ ಎದ್ದು ಅಳ್ತಿದ್ದ. ಬಾಟ್ಲಿಯಲ್ಲಿ ಹಾಲು ಸಕ್ಕರೆ ಹಾಕಿ ಕೊಟ್ರೆ ಚೀಪಿಕೊಂಡು ಮಲಗ್ತಿದ್ದ. ಬಾಯಲ್ಲಿ ಯಾವಾಗ್ಲೂ ನೀರು ಇರ್ತದಲ್ಲಾ, ಅದು ತೊಳೆಯುವುದಿಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ! ಆ ದಿನ ನಾವು ಅರ್ಧಂಬರ್ಧ ಉತ್ತರ ಕೊಟ್ಟು ಬಂದೆವು. ಈ ಸಲದ ಪಾಠದಲ್ಲಿ ಪೂರ್ತಿ ಉತ್ತರ ಹೇಳಲು ಪ್ರಯತ್ನಿಸುತ್ತೇವೆ.

ಬಾಯಿಯ ಒರತೆ

ಮಗುವಿನ ಬಾಯಿಂದ ಸುರಿದರೆ ಜೊಲ್ಲು, ಹೊರಗೆ ಹಾಕಿದರೆ ಉಗುಳು, ಬಟ್ಟಲಿಗೆ ತಾಗಿದರೆ ಎಂಜಲು, ಮಾವಿನಕಾಯಿ ನೆನೆದಾಗ ಬಂದರೆ ಬಾಯಿನೀರು, ಶಾಲೆಯ ಪುಸ್ತಕದಲ್ಲಿ ಲಾಲಾರಸ. ಹೆಸರು ಐದಾದರೂ ವಸ್ತು ಒಂದೇ. ಇದನ್ನು ಮಾಡುವ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ. ಒಂದು ಜೊತೆ ಕಿವಿಗಳ ಮುಂದೆ, ಒಂದು ಜೊತೆ ಕೆಳದವಡೆಯ ಅಡಿಯಲ್ಲಿ, ಇನ್ನೊಂದು ನಾಲಿಗೆಯ ಕೆಳಗೆ. ಮಂಗನಬಾವು ಬಂದಾಗ ಮಕ್ಕಳ ಕೆನ್ನೆ ಊದುತ್ತದಲ್ಲಾ, ಅದು ಕಿವಿಯ ಮುಂದಿನ ಗ್ರಂಥಿಯೇ. ಇವಲ್ಲದೆ ತುಟಿ, ಕೆನ್ನೆಯ ಒಳಭಾಗದಲ್ಲೆಲ್ಲಾ ನೂರಾರು ಚಿಕ್ಕ ಗ್ರಂಥಿಗಳಿವೆ. ಎಲ್ಲಾ ಸೇರಿ ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಬರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ, ನುಂಗುತ್ತಾ ಇರುತ್ತೇವೆ.

ಇದರಲ್ಲಿ ನೂರಕ್ಕೆ 99 ಭಾಗ ನೀರು. ಉಳಿದ ಒಂದು ಭಾಗದಲ್ಲಿ ಉಪ್ಪಿನ ಅಂಶಗಳೂ ಪ್ರೋಟೀನುಗಳೂ ಇವೆ. ಪ್ರೋಟೀನ್ ಎಂದರೆ ಬೇಳೆಕಾಳು, ಮೀನು, ಮೊಟ್ಟೆಯಲ್ಲಿ ಇರುವುದು ಎಂದು ಹಿಂದಿನ ಪಾಠಗಳಲ್ಲಿ ಓದಿದ್ದೀರಿ. ಆದರೆ ತಿನ್ನುವ ಪ್ರೋಟೀನ್ ಮಾತ್ರ ಅಲ್ಲ, ದೇಹ ತನ್ನ ಕೆಲಸಕ್ಕೆ ತಾನೇ ತಯಾರಿಸಿಕೊಳ್ಳುವ ಪ್ರೋಟೀನುಗಳು ಸಾವಿರಾರು ಇವೆ. ಜೊಲ್ಲಿನಲ್ಲಿರುವುದು ಅಂಥವು. ಪ್ರಮಾಣದಲ್ಲಿ ಚಿಟಿಕೆಯಷ್ಟು, ಕೆಲಸದಲ್ಲಿ ಮನೆಯ ಯಜಮಾನಿಯಷ್ಟು.

ಒಂದನ್ನು ನೀವೇ ಈಗ ಪರೀಕ್ಷಿಸಬಹುದು. ಒಂದು ತುತ್ತು ಬರೀ ಅನ್ನ ಅಥವಾ ಒಣ ಅವಲಕ್ಕಿ ಬಾಯಿಗೆ ಹಾಕಿ, ನುಂಗದೆ ಒಂದು ನಿಮಿಷ ಅಗಿಯಿರಿ. ನಿಧಾನವಾಗಿ ಸಿಹಿಯಾಗುತ್ತದೆ. ಸಕ್ಕರೆ ಹಾಕಿದವರು ಯಾರು? ಜೊಲ್ಲಿನ ಅಮೈಲೇಸ್ ಎಂಬ ಪ್ರೋಟೀನ್ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿತು. ಹಲ್ಲಿನ ಸಂದಿಯಲ್ಲಿ ಉಳಿದ ಬಿಸ್ಕೆಟ್ ಚೂರಿಗೂ ಇದೇ ಗತಿ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಯೊಳಗಿನ ಬಾಡಿಗೆದಾರರು

ಹಾಲೆಂಡ್ ದೇಶದ ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ದೊಡ್ಡ ಓದು ಓದಿದವರಲ್ಲ. ಗಾಜು ಉಜ್ಜಿ ಮಸೂರ ಮಾಡಿಕೊಂಡು, ಕಂಡದ್ದನ್ನೆಲ್ಲಾ ದೊಡ್ಡದು ಮಾಡಿ ನೋಡುವ ಹುಚ್ಚು. ದಿನಾ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಅವರು, ಆದರೂ ಹಲ್ಲಿನ ಸಂದಿಯಲ್ಲಿ ಉಳಿದ ಬಿಳಿ ಪಾಚಿಯನ್ನು ಕೆರೆದು ಮಸೂರದಡಿ ಇಟ್ಟು ನೋಡಿದರು. ಅದರಲ್ಲಿ ಓಡಾಡುವ ಪುಟ್ಟ ಜೀವಿಗಳು! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದರು. ಬಾಯಿಯ ಬ್ಯಾಕ್ಟೀರಿಯಾಗಳನ್ನು ಮನುಷ್ಯ ಕಂಡದ್ದು ಹಾಗೆ.

ಒಂದು ಮಿಲಿಲೀಟರ್ ಜೊಲ್ಲಿನಲ್ಲಿ, ಅಂದರೆ ಒಂದು ಸಣ್ಣ ಚಮಚದ ಐದನೇ ಒಂದು ಭಾಗದಲ್ಲಿ, ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಮನುಷ್ಯರ ಬಾಯಲ್ಲಿ ಇದುವರೆಗೆ ಗುರುತಿಸಿದ ಜಾತಿಗಳು ಸುಮಾರು 700. ಒಬ್ಬೊಬ್ಬರ ಬಾಯಲ್ಲಿ ಅಷ್ಟೂ ಇರುವುದಿಲ್ಲ. ಕೇಳಿ ಹೇಸಿಗೆಪಡಬೇಡಿ. ಇವುಗಳಲ್ಲಿ ಹೆಚ್ಚಿನವು ಗಲಾಟೆ ಮಾಡದ ಬಾಡಿಗೆದಾರರು. ಎಲ್ಲವನ್ನೂ ಓಡಿಸಲು ಆಗುವುದಿಲ್ಲ, ಓಡಿಸುವುದೂ ಬೇಡ. ಜೊಲ್ಲಿನ ಪ್ರೋಟೀನುಗಳು ಕೂಡ ಎಲ್ಲವನ್ನೂ ಓಡಿಸುವುದಿಲ್ಲ. ಯಾರು ಕುಳಿತುಕೊಳ್ಳಬೇಕು, ಯಾರು ಹೋಗಬೇಕು ಎಂಬುದರಲ್ಲಿ ಅವುಗಳ ಪಾಲು ಬಹಳ ದೊಡ್ಡದು.

ಅದು ಹೇಗೆ? ನಮ್ಮ ಊರಿನ ಬೆಳಗಿನ ಬಸ್ಸನ್ನು ನೆನಪಿಸಿಕೊಳ್ಳಿ. ನಿಂತವರು ಕಂಬಿ ಹಿಡಿದಿದ್ದರೆ ಬ್ರೇಕ್ ಹಾಕಿದರೂ ಬೀಳುವುದಿಲ್ಲ. ಹಿಡಿಯಲು ಏನೂ ಸಿಗದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬಾಯಲ್ಲಿ ಜೊಲ್ಲು ಹರಿಯುತ್ತಲೇ ಇರುತ್ತದೆ. ಹಿಡಿತ ಸಿಗದ ಬ್ಯಾಕ್ಟೀರಿಯಾ ಅದರೊಟ್ಟಿಗೆ ಹೊಟ್ಟೆಗೆ ಹೋಗುತ್ತದೆ, ಅಲ್ಲಿನ ಆಮ್ಲದಲ್ಲಿ ಹೆಚ್ಚಿನವು ಸಾಯುತ್ತವೆ. ಬದುಕಬೇಕಾದರೆ ಕಂಬಿ ಬೇಕು.

ಮೊದಲು ಮುಗ್ಗರಿಸುವವರ ಕಥೆ. ಜೊಲ್ಲು ಲೋಳೆಯಾಗಿರುವುದು ಮ್ಯೂಸಿನ್ ಎಂಬ ಪ್ರೋಟೀನುಗಳಿಂದ. ಬಸಳೆ, ಬೆಂಡೆಕಾಯಿಯ ಲೋಳೆ ಇದ್ದಂತೆ. ತೇಲುವ ಬ್ಯಾಕ್ಟೀರಿಯಾಗಳು ಇದಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಅಗ್ಲುಟಿನಿನ್ ಎಂಬ ಇನ್ನೊಂದು ಪ್ರೋಟೀನ್ ಹತ್ತಾರು ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಅಂಟಿಸಿ ಮುದ್ದೆ ಮಾಡುತ್ತದೆ. ಬೆಲ್ಲದ ಪಾಕದಲ್ಲಿ ನೆಲಗಡಲೆ ಉಂಡೆಯಾಗುವುದಿಲ್ಲವೇ, ಹಾಗೆ. ಮುದ್ದೆಯಾದ ಮೇಲೆ ನುಂಗಿ ಕಳಿಸುವುದು ಸುಲಭ. ಆದ್ದರಿಂದ ಆ ತಾಯಿಯ ಮಾತು ಸರಿಯೇ: ಬಾಯಿಯ ನೀರು ತೊಳೆಯುತ್ತದೆ. ಬರೀ ನೀರಿನ ಹಾಗೆ ಅಲ್ಲ, ಹಿಡಿದು, ಉಂಡೆ ಕಟ್ಟಿ, ತಳ್ಳಿ ತೊಳೆಯುತ್ತದೆ.

ಕಾವಲಿಗೆ ನಿಂತವನೇ ಕೈ ಹಿಡಿದರೆ

ಈಗ ಕಂಬಿಯ ಕಥೆ. ಇದು ಸ್ವಲ್ಪ ವಿಚಿತ್ರ.

ಹಲ್ಲುಜ್ಜಿದ ಕೂಡಲೇ ನಾಲಿಗೆಯಿಂದ ಹಲ್ಲು ಮುಟ್ಟಿ ನೋಡಿ, ಗಾಜಿನ ಹಾಗೆ ನುಣುಪು. ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹೋಗಿ ಹಲ್ಲಿಗೆ ಅಂಟಿ ಒಂದು ಪೊರೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಈ ಪೊರೆ ಬೇಕು. ಊಟದ ಹುಳಿ ನೇರವಾಗಿ ಹಲ್ಲಿಗೆ ತಾಗದಂತೆ, ಹಲ್ಲು ಹಲ್ಲು ಉಜ್ಜಿ ಸವೆಯದಂತೆ ಕಾಯುತ್ತದೆ. ಈ ಪೊರೆಯಲ್ಲಿರುವ ಸ್ಟೆಥೆರಿನ್ ಎಂಬ ಪ್ರೋಟೀನ್ ಜೊಲ್ಲಿನೊಳಗೂ ಇದ್ದುಕೊಂಡು, ಅಲ್ಲಿನ ಸುಣ್ಣದ ಅಂಶ ಹರಳುಗಟ್ಟದಂತೆ ಹಿಡಿದಿಡುತ್ತದೆ. ಹಲ್ಲಿನಿಂದ ಸುಣ್ಣ ಸ್ವಲ್ಪ ಕರಗಿ ಹೋದರೆ ವಾಪಸ್ ತುಂಬಲು ಜೊಲ್ಲಿನಲ್ಲಿ ದಾಸ್ತಾನು ಇರುವುದು ಅದರಿಂದಲೇ.

ಆದರೆ ಇದೇ ಪೊರೆ ಬ್ಯಾಕ್ಟೀರಿಯಾಗಳಿಗೆ ಕಂಬಿಯೂ ಹೌದು! ಅಮೆರಿಕದ ಬಾಸ್ಟನ್ ನಗರದ ಫೋರ್ಸಿತ್ ದಂತ ಕೇಂದ್ರದಲ್ಲಿ ರೊನಾಲ್ಡ್ ಗಿಬ್ಬನ್ಸ್ ಮತ್ತು ಡೊನಾಲ್ಡ್ ಹೇ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನು ಪರಿಶೀಲಿಸಿದರು. ಜೊಲ್ಲಿನಲ್ಲಿ ಪ್ರೋಲಿನ್ ಎಂಬ ಅಂಶ ತುಂಬಿದ ಒಂದು ಗುಂಪಿನ ಪ್ರೋಟೀನುಗಳಿವೆ. ಅವು ಜೊಲ್ಲಿನಲ್ಲಿ ತೇಲುತ್ತಿರುವಾಗ ಕೆಲವು ಬ್ಯಾಕ್ಟೀರಿಯಾಗಳು ಅವನ್ನು ಹಿಡಿಯುವುದೇ ಇಲ್ಲ. ಅದೇ ಪ್ರೋಟೀನ್ ಹಲ್ಲಿನಂಥ ಗಟ್ಟಿ ವಸ್ತುವಿಗೆ ಅಂಟಿತೋ, ಓಡಿ ಬಂದು ಹಿಡಿಯುತ್ತವೆ. ಯಾಕೆಂದರೆ ಅಂಟಿದಾಗ ಪ್ರೋಟೀನಿನ ಆಕಾರ ಬದಲಾಗುತ್ತದೆ. ಮಡಚಿಟ್ಟ ಕೊಡೆ ಬಿಚ್ಚಿದಾಗ ಒಳಗಿನ ಕಡ್ಡಿಗಳು ಕಾಣುವ ಹಾಗೆ, ಅಡಗಿದ್ದ ಹಿಡಿಕೆ ಹೊರಗೆ ಬರುತ್ತದೆ. ಬ್ಯಾಕ್ಟೀರಿಯಾದ ಮಟ್ಟಿಗೆ ಇದು ಎಂಥಾ ಅನುಕೂಲ ನೋಡಿ. ತೇಲುವ ಪ್ರೋಟೀನನ್ನು ಹಿಡಿದುಕೊಂಡರೆ ಹೊಟ್ಟೆಗೆ ಹೋಗಬೇಕು, ಹಲ್ಲಿಗೆ ಅಂಟಿದ್ದನ್ನು ಹಿಡಿದರೆ ಮನೆ ಸಿಕ್ಕಿತು. ಉಂಡೆ ಕಟ್ಟುವ ಅಗ್ಲುಟಿನಿನ್ ಕೂಡ ಹೀಗೆಯೇ. ನೀರಲ್ಲಿದ್ದರೆ ಪೊಲೀಸು, ಹಲ್ಲಿಗೆ ಅಂಟಿದರೆ ಕಂಬಿ.

ಇದರಲ್ಲಿ ಗಾಬರಿ ಬೇಡ. ಮೊದಲು ಬಂದು ಕಂಬಿ ಹಿಡಿಯುವವರು ಸಾಧಾರಣವಾಗಿ ಒಳ್ಳೆಯ ಬಾಡಿಗೆದಾರರೇ. ಸ್ಟ್ರೆಪ್ಟೊಕಾಕಸ್ ಸಾಂಗ್ವಿನಿಸ್, ಗೊರ್ಡೊನಿಯೈ ಎಂದು ಅವುಗಳ ಹೆಸರು. ಹೆಸರು ನೆನಪಿಡಬೇಕಾಗಿಲ್ಲ, ಕೆಲಸ ನೆನಪಿಡಿ. ಇವು ಜೊಲ್ಲಿನ ಅಂಶಗಳನ್ನೇ ತಿಂದು, ಹುಳಿಯನ್ನು ಕಡಿಮೆ ಮಾಡುವ ಕ್ಷಾರವನ್ನು ಬಿಡುತ್ತವೆ. ಜಾಗ ತುಂಬಿಕೊಂಡು ಕೆಟ್ಟವರಿಗೆ ಸೀಟು ಕೊಡುವುದಿಲ್ಲ.

ಜೊಲ್ಲಿನಲ್ಲಿ ಕೊಲ್ಲುವ ಪ್ರೋಟೀನುಗಳೂ ಇವೆ. ಲೈಸೋಜೈಮ್ ಎಂಬುದು ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ. ಅದನ್ನು 1922ರಲ್ಲಿ ಲೋಕಕ್ಕೆ ತಿಳಿಸಿದವರು ಮುಂದೆ ಪೆನ್ಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್. ಲ್ಯಾಕ್ಟೊಫೆರಿನ್ ಬ್ಯಾಕ್ಟೀರಿಯಾಗೆ ಬೇಕಾದ ಕಬ್ಬಿಣಾಂಶವನ್ನು ಬಚ್ಚಿಡುತ್ತದೆ, ಹಿಸ್ಟಾಟಿನ್ ಬಾಯಿಯ ಶಿಲೀಂಧ್ರವನ್ನು ಹತೋಟಿಯಲ್ಲಿಡುತ್ತದೆ. ಇವೆರಡು, ಲೈಸೋಜೈಮ್ ಸೇರಿ ಮೂರು, ತಾಯಿಯ ಹಾಲಿನಲ್ಲೂ ಇವೆಯೇ ಎಂದು ಕೇಳುವವರಿಗೆ: ಲೈಸೋಜೈಮ್, ಲ್ಯಾಕ್ಟೊಫೆರಿನ್ ಇವೆ.

ಹಾಗಾದರೆ ಹಲ್ಲು ಯಾಕೆ ಹಾಳಾಗುತ್ತದೆ?

ಕೆಟ್ಟ ಬಾಡಿಗೆದಾರನ ಹೆಸರು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಇವನೊಬ್ಬನೇ ಅಲ್ಲ, ಆದರೆ ಮುಖ್ಯಸ್ಥ. ಇವನಿಗೆ ಸಕ್ಕರೆ ಸಿಕ್ಕಿದರೆ ಎರಡು ಕೆಲಸ ಮಾಡುತ್ತಾನೆ. ಒಂದು, ಸಕ್ಕರೆಯಿಂದ ತನ್ನದೇ ಅಂಟು ತಯಾರಿಸಿಕೊಳ್ಳುತ್ತಾನೆ. ಆಗ ಜೊಲ್ಲಿನ ಪ್ರೋಟೀನಿನ ಕಂಬಿ ಹಂಗೂ ಬೇಡ, ಜೊಲ್ಲಿನ ತೊಳೆತಕ್ಕೂ ಜಗ್ಗುವುದಿಲ್ಲ. ಎರಡು, ಸಕ್ಕರೆಯನ್ನು ಆಮ್ಲ ಮಾಡುತ್ತಾನೆ. ಆ ಹುಳಿಗೆ ಹಲ್ಲಿನ ಸುಣ್ಣ ಕರಗುತ್ತದೆ. ಒಳ್ಳೆಯವರಿಗೆ ಆ ಹುಳಿ ತಡೆಯುವುದಿಲ್ಲ, ಮ್ಯೂಟನ್ಸಿಗೆ ತಡೆಯುತ್ತದೆ. ಹೀಗೆ ದಿನ ಹೋದ ಹಾಗೆ ಸೀಟೆಲ್ಲಾ ಅವನ ಪಾಲು.

(ನಮ್ಮಲ್ಲಿ ಹುಳುಕು ಹಲ್ಲು, ಹಲ್ಲಿಗೆ ಹುಳ ಬಿದ್ದಿದೆ ಎನ್ನುತ್ತೇವೆ. ಕಣ್ಣಿಗೆ ಕಾಣುವ ಹುಳ ಅಲ್ಲಿ ಯಾವುದೂ ಇಲ್ಲ. ಹೊಗೆ ಹಾಕಿ ಹುಳ ತೆಗೆದು ತೋರಿಸುತ್ತೇವೆ ಎಂದು ಮನೆ ಬಾಗಿಲಿಗೆ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.)

ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಹಲ್ಲಿನ ಪಾಚಿಯ ಹುಳಿಯನ್ನು ಅಳೆದರು. ಸಕ್ಕರೆ ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಹುಳಿ ಏರುತ್ತದೆ. ಜೊಲ್ಲು ಅದನ್ನು ಸರಿಪಡಿಸಿ ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸಾಲದ ಲೆಕ್ಕ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಸಿಹಿ ಚಹಾ ಎಂದರೆ ಹಲ್ಲಿನಿಂದ ತೆಗೆದ ಒಂದು ಸಣ್ಣ ಸಾಲ. ಜೊಲ್ಲು ಸುಮಾರು 40 ನಿಮಿಷದಲ್ಲಿ ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಸಲವಾದರೆ 2 ಗಂಟೆ ಹುಳಿ, ಉಳಿದ 22 ಗಂಟೆ ದುರಸ್ತಿಗೆ. ಒಂದು ಚಹಾ, ಒಂದು ಬಿಸ್ಕೆಟ್, ಒಂದು ಚಾಕಲೇಟ್ ಎಂದು ದಿನಕ್ಕೆ ಒಂಬತ್ತು ಸಲವಾದರೆ 6 ಗಂಟೆ. ಸಕ್ಕರೆ ಎಷ್ಟು ಚಮಚ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಇಲ್ಲಿ ಮುಖ್ಯ. ಬೆಲ್ಲಕ್ಕೂ ಇದೇ ಲೆಕ್ಕ. ಬೆಲ್ಲ ಒಳ್ಳೆಯದು ಎಂದು ನಾವೇ ಹೇಳುತ್ತಾ ಬಂದವರು, ಆದರೆ ಹಲ್ಲಿನ ವಿಷಯದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಇನ್ನು ರಾತ್ರಿ. ನಿದ್ದೆಯಲ್ಲಿ ಗ್ರಂಥಿಗಳೂ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತವೆ. ಜೊಲ್ಲು ಬಹಳ ಕಡಿಮೆ, ನುಂಗುವುದೂ ಕಡಿಮೆ. ಆ ಹೊತ್ತಿನಲ್ಲಿ ಬಾಟ್ಲಿಯ ಸಕ್ಕರೆ ಹಾಲು ಮೇಲಿನ ಎದುರು ಹಲ್ಲುಗಳ ಸುತ್ತ ನಿಂತೇ ಇರುತ್ತದೆ. ಪೊಲೀಸರು ಮಲಗಿದ್ದಾರೆ, ಮ್ಯೂಟನ್ಸಿಗೆ ಹಬ್ಬ.

ಆ ಮಗುವಿನ ಬಾಯಿ ತೆರೆಸಿ ನೋಡಿದಾಗ ನಾವು ಒಂದು ಸಂಗತಿ ಗಮನಿಸಿದೆವು. ಮೇಲಿನ ನಾಲ್ಕು ಹಲ್ಲು ಹೋಗಿದ್ದರೂ ಕೆಳಗಿನ ಎದುರು ಹಲ್ಲುಗಳು ಬೆಳ್ಳಗೆ ಗಟ್ಟಿಯಾಗಿ ಇದ್ದವು. ಬಾಟ್ಲಿ ಹಾಲಿನಿಂದ ಕೆಟ್ಟ ಹಲ್ಲುಗಳ ಗುರುತೇ ಇದು ಎಂದು ದಂತವೈದ್ಯರು ಹೇಳುತ್ತಾರೆ. ಯಾಕೆ ಗೊತ್ತೇ? ಕನ್ನಡಿಯ ಮುಂದೆ ನಿಂತು ನಾಲಿಗೆ ಮೇಲೆತ್ತಿ ನೋಡಿ. ನಾಲಿಗೆಯ ಬುಡದ ದಾರದ ಎರಡೂ ಬದಿ ಸಣ್ಣ ಮೊಟ್ಟುಗಳು ಕಾಣುತ್ತವೆ. ಅದೇ ಒರತೆಯ ಬಾಯಿ. ಕೆಳಗಿನ ಎದುರು ಹಲ್ಲು ಅದರ ಪಕ್ಕದಲ್ಲೇ ಇವೆ. ಚೀಪುವಾಗ ನಾಲಿಗೆಯೂ ಅವನ್ನು ಮುಚ್ಚಿಕೊಂಡಿರುತ್ತದೆ. ಒಂದೇ ಮಗು, ಒಂದೇ ಬಾಯಿ, ಅದೇ ಹಾಲು. ಜೊಲ್ಲು ಸಿಕ್ಕಿದ ಹಲ್ಲು ಉಳಿಯಿತು, ಸಿಗದ ಹಲ್ಲು ಹೋಯಿತು. ತಾಯಿಯ ಪ್ರಶ್ನೆಗೆ ಉತ್ತರ ಆ ಮಗುವಿನ ಬಾಯಲ್ಲೇ ಇತ್ತು.

ಹಾಗೆಂದು ಎದೆಹಾಲು ಬಿಡಿಸಬೇಡಿ. ನಾವು ಹೇಳುತ್ತಿರುವುದು ಸಕ್ಕರೆ ಹಾಕಿದ ಬಾಟ್ಲಿಯ ಬಗ್ಗೆ, ಜೇನು ಅದ್ದಿದ ನಿಪ್ಪಲ್ಲಿನ ಬಗ್ಗೆ.

ಎಂಜಲಿನ ಮಾತು

ಹುಟ್ಟಿದ ಮಗುವಿನ ಬಾಯಲ್ಲಿ ಮ್ಯೂಟನ್ಸ್ ಇರುವುದಿಲ್ಲ. ಹಲ್ಲು ಬಂದ ಮೇಲೆ ಹೆಚ್ಚಾಗಿ ತಾಯಿಯಿಂದ, ಇಲ್ಲವೇ ಮಗುವನ್ನು ಸಾಕುವವರಿಂದ ಬರುತ್ತದೆ. ಚಮಚ ನೆಕ್ಕಿ ಬಿಸಿ ನೋಡುವುದು, ಅಜ್ಜಿ ಅಗಿದು ಕೊಡುವುದು, ಇವೆಲ್ಲ ದಾರಿಗಳು. ಈಗ ಅಜ್ಜಿಯರ ಮೇಲೆ ಜಗಳಕ್ಕೆ ಹೋಗಬೇಡಿ. ಮುದ್ದು ಮಾಡುವ ಮನೆಯಲ್ಲಿ ಎಂಜಲು ಪೂರ್ತಿ ತಪ್ಪಿಸಲು ಆಗದು. ಬಂದ ಮ್ಯೂಟನ್ಸ್ ಸಕ್ಕರೆ ಇಲ್ಲದೆ ಬೆಳೆಯುವುದೂ ಕಷ್ಟ. ಅದಕ್ಕಿಂತ ಮುಖ್ಯ, ತಾಯಿಯ ಬಾಯಲ್ಲಿ ಹುಳುಕು ತುಂಬಿದ್ದರೆ ಮಗುವಿಗೆ ದಾಟುವುದೂ ಹೆಚ್ಚು. ಮಕ್ಕಳ ಹಲ್ಲಿಗೆ ಸಾಲ ಕೇಳುವ ನಮ್ಮ ಸದಸ್ಯೆಯರು ತಮ್ಮ ಹಲ್ಲಿಗೆ ಕೇಳಿದ್ದನ್ನು ನಾವು ಅಪರೂಪಕ್ಕೂ ಕಂಡಿಲ್ಲ. ಲವಂಗ ಕಚ್ಚಿಕೊಂಡು ವರ್ಷ ದೂಡುತ್ತಾರೆ.

ಒಗರು

ಹಸಿ ಅಡಿಕೆ ಅಥವಾ ಎಳೆ ಬಾಳೆಕಾಯಿ ಕಚ್ಚಿದರೆ ಬಾಯಿ ಬಿಗಿದು ಒರಟಾಗುತ್ತದೆ. ಒಗರು ಎನ್ನುತ್ತೇವೆ. ಅದರಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನುಗಳಿಗೆ, ಮುಖ್ಯವಾಗಿ ಆ ಪ್ರೋಲಿನ್ ತುಂಬಿದ ಪ್ರೋಟೀನುಗಳಿಗೆ ಅಂಟಿ ಗರಣೆಗಟ್ಟಿಸುತ್ತದೆ. ಜಾರುತನ ಹೋಗುತ್ತದೆ. ಜೊಲ್ಲಿನ ಪ್ರೋಟೀನ್ ಇದೆ ಎಂದು ನಾಲಿಗೆಗೇ ಗೊತ್ತಾಗುವುದು ಆ ಹೊತ್ತಿನಲ್ಲಿ.

ಅಡಿಕೆಯ ವಿಷಯ ಬಂದದ್ದರಿಂದ ಒಂದು ಮಾತು. ಅಡಿಕೆ ಬೆಳೆದು, ಸುಲಿದು ಹೊಟ್ಟೆ ಹೊರೆಯುವ ಊರುಗಳಲ್ಲಿ ಇದನ್ನು ಬರೆಯುವುದು ಕಷ್ಟ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುವ ವಸ್ತು ಎಂದು ಹೇಳಿದೆ. ಎಲೆ ಅಡಿಕೆ ಅಗಿದರೆ ಜೊಲ್ಲು ಬರುತ್ತದೆ, ಹಲ್ಲು ಗಟ್ಟಿ ಎನ್ನುವವರಿದ್ದಾರೆ. ಜೊಲ್ಲು ಬರುವುದು ನಿಜ. ಆದರೆ ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು ಕಂಡರೆ ಎರಡು ವಾರಕ್ಕಿಂತ ಹೆಚ್ಚು ಕಾಯಬೇಡಿ, ವೈದ್ಯರಿಗೆ ತೋರಿಸಿ.

ಜೊಲ್ಲು ಕಡಿಮೆಯಾದವರು

ವಯಸ್ಸಾದವರು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ರಾತ್ರಿ ನಾಲಿಗೆ ಅಂಟುತ್ತದೆ ಎಂದರೆ ಅಸಡ್ಡೆ ಮಾಡಬೇಡಿ. ಸಕ್ಕರೆ ಕಾಯಿಲೆ ಇರಬಹುದು. ಅಲರ್ಜಿಗೆ, ಮಾನಸಿಕ ಕಾಯಿಲೆಗೆ, ಕೆಲವು ಸಲ ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ. ಆಗಾಗ ಬರೀ ನೀರು ಗುಟುಕರಿಸಿ. ಒಣಬಾಯಿಯವರಿಗೆ ಹುಳುಕು ಬಹಳ ಬೇಗ ಹಬ್ಬುತ್ತದೆ, ಪ್ರೋಟೀನಿನ ಕಾವಲು ತೆಳುವಾಗಿರುತ್ತದಲ್ಲಾ.

ಮಾಡಬೇಕಾದ್ದು

ಹೊಸದೇನೂ ಇಲ್ಲ, ಆದರೆ ಕಾರಣ ಈಗ ಗೊತ್ತಾಯಿತು. ರಾತ್ರಿ ಮಲಗುವ ಮುಂಚೆ ಹಲ್ಲುಜ್ಜುವುದು ಬೆಳಗಿನದಕ್ಕಿಂತ ಮುಖ್ಯ, ಯಾಕೆಂದರೆ ರಾತ್ರಿ ಕಾವಲಿಲ್ಲ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಬ್ರಷ್ಷಿಗೆ ಫ್ಲೋರೈಡ್ ಇರುವ ಪೇಸ್ಟ್ ಹಾಕಿ: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದ ತನಕ ಬಟಾಣಿಯಷ್ಟು. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನೇ ಸವೆಸುತ್ತವೆ. ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿನ್ನಿ, ಅಗಿಯುವಾಗ ಜೊಲ್ಲು ಧಾರಾಳ ಇರುತ್ತದೆ. ರಾತ್ರಿ ಬಾಟ್ಲಿ ಬಿಡದ ಮಗುವಿಗೆ ದಿನದಿನಕ್ಕೂ ಸಕ್ಕರೆ ಕಡಿಮೆ ಮಾಡಿ, ಹಾಲಿಗೆ ನೀರು ಬೆರೆಸುತ್ತಾ ಹೋಗಿ, ಕೊನೆಗೆ ಬರೀ ನೀರು ಕೊಡಿ. ಎರಡು ಮೂರು ರಾತ್ರಿ ಅಳುತ್ತದೆ. (ಹಗಲಿನ ಹಾಲಿಗೆ ನೀರು ಬೆರೆಸುವುದು ಬೇಡ.)

ಹಾಲುಹಲ್ಲು ಬಿದ್ದು ಹೋಗುತ್ತದೆ ಎಂದ ಹಿರಿಯ ಸದಸ್ಯೆಗೂ ಉತ್ತರ ಹೇಳಬೇಕು. ಎದುರಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ಹಾಲುದವಡೆ ಹಲ್ಲುಗಳು 10ರಿಂದ 12 ವರ್ಷದ ತನಕ ಇರಬೇಕಾದವು. ಕೀವು ಆದರೆ ಒಳಗಿರುವ ಶಾಶ್ವತ ಹಲ್ಲಿಗೂ ತೊಂದರೆ. ಆ ದಿನ ಸಂಘ ಚರ್ಚಿಸಿ ಸಾಲ ಮಂಜೂರು ಮಾಡಿತು. ಠರಾವಿಗೆ ಮೊದಲು ಸಹಿ ಹಾಕಿದವರು ಆ ಹಿರಿಯ ಸದಸ್ಯೆಯೇ.

ಮುಂದಿನ ಸಭೆಗೆ ಆರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಬನ್ನಿ. ಬೆಳಕಿನ ಕಡೆ ಮುಖ ಮಾಡಿಸಿ, ಮೇಲ್ದುಟಿ ಎತ್ತಿ, ಒಸಡಿನ ಅಂಚಿನಲ್ಲಿ ಹಲ್ಲು ನೋಡಿ. ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಸುಣ್ಣ ಕರಗಲು ಶುರುವಾಗಿದೆ, ಆದರೆ ತೂತು ಬಿದ್ದಿಲ್ಲ. ಈ ಹಂತದಲ್ಲಿ ಸಿಹಿ ಕಡಿಮೆ ಮಾಡಿ, ಪೇಸ್ಟ್ ಹಾಕಿ ಉಜ್ಜಿದರೆ ಜೊಲ್ಲು ತಾನೇ ವಾಪಸ್ ಸುಣ್ಣ ತುಂಬಬಲ್ಲದು. ಕಂದು ಅಥವಾ ಕಪ್ಪು ಕಂಡರೆ ತಡಮಾಡದೆ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಎಷ್ಟು ಮಕ್ಕಳಲ್ಲಿ ಬಿಳಿ ಗೆರೆ, ಎಷ್ಟು ಮಕ್ಕಳಲ್ಲಿ ಕಪ್ಪು ಎಂದು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳು ಬಿಟ್ಟು ಅದೇ ಮಕ್ಕಳನ್ನು ಇನ್ನೊಮ್ಮೆ ನೋಡೋಣ.